ಕಲೆ ಲೇಟು

"ಇಲ್ಲಿ," ಎಂದಳು ಹಿರಿಸೊಸೆ. ಅವಳ ಕೈಯ ನೀಲಿ ಸೀಮೆಸುಣ್ಣ ಬಿಳಿ ಬಟ್ಟೆಯ ಮೇಲೆ ಒಂದು ಸುತ್ತು ಹಾಕಿತು. "ಎರಡನೇ ಮೇಜಿನ ಮಾಲು. ಕಲೆ ಬಿಟ್ಟಿದೆ. ಚೀಟಿ ಬರೀತೀನಿ."

ಎರಡನೇ ಮೇಜು ಅಂದರೆ ಕಿರಿಸೊಸೆ. ಇಬ್ಬರೂ ಒಂದೇ ಮನೆಗೆ ಬಂದ ಓರಗಿತ್ತಿಯರು, ಒಂದೇ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಒಬ್ಬಳ ಪಕ್ಕ ಒಬ್ಬಳು ನಿಂತು ದುಡಿಯುವವರು. ಅತ್ತೆ ಸತ್ತು ಒಂಬತ್ತು ವರ್ಷವಾಗಿ, ಸೊಸೆ ಎಂದು ಕರೆಯುವ ಬಾಯೇ ಇಲ್ಲವಾದ ಮೇಲೂ ಕಾರ್ಖಾನೆಯವರ ಬಾಯಲ್ಲಿ ಆ ಹೆಸರುಗಳು ಉಳಿದುಬಿಟ್ಟಿದ್ದವು. ಹಿರಿಸೊಸೆ ಮಾತ್ರ ತನ್ನ ಓರಗಿತ್ತಿಯನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಮೇಜಿನ ನಂಬರಿನಿಂದ ಕರೆಯುತ್ತಿದ್ದಳು.

ಕಿರಿಸೊಸೆ ತನ್ನ ಮೇಜಿನ ಪೆಡಲಿನಿಂದ ಕಾಲು ತೆಗೆದು ಬಂದು ಬಗ್ಗಿ ನೋಡಿದಳು. ನೀಲಿ ಸುತ್ತಿನ ಒಳಗೆ ಬಿಳಿ. ಹೊರಗೂ ಬಿಳಿ. ಮೂಗು ತಾಗುವಷ್ಟು ಬಗ್ಗಿದಳು, ಉಗುರಿನಿಂದ ಗೀರಿದಳು. ಏನೂ ಇಲ್ಲ.

"ಎಲ್ಲಿದೆ ಕಲೆ?"

"ಸುತ್ತು ಹಾಕಿದೀನಲ್ಲ."

"ಸುತ್ತು ಕಾಣ್ತಿದೆ. ಕಲೆ ಎಲ್ಲಿ ಅಂತ ಕೇಳ್ದೆ."

"ನೋಡೋಕೆ ಬರೋರಿಗೆ ಕಾಣುತ್ತೆ." ಹಿರಿಸೊಸೆ ಇದನ್ನು ಗೋಡೆಯ ಗಡಿಯಾರಕ್ಕೆ ಹೇಳಿದಳು. ಈಚೆಗೆ ಆರು ತಿಂಗಳಿಂದ ಅವಳದು ಇದೇ ಧಾಟಿ. ಓರಗಿತ್ತಿಯ ಜೊತೆ ಮಾತಾಡುವಾಗ ಮುಖವನ್ನು ಅತ್ತ ತಿರುಗಿಸಿ, ಅವಳ ಕಿವಿಯಾಚೆಗಿನ ಗೋಡೆಗೋ ಬಾಗಿಲಿಗೋ ಮಾತಾಡುವುದು. ಮುಖ ಕೊಟ್ಟು ಮಾತಾಡುವ ಯೋಗ್ಯತೆಯೂ ನಿನಗಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬರೆದ ಚೀಟಿಯೂ ಹಾಗೇ ಇತ್ತು. ಅಕ್ಷರಗಳು ಗೆರೆ ಬಿಟ್ಟು ಅಡ್ಡಾದಿಡ್ಡಿ ಹತ್ತಿ ಇಳಿದಿದ್ದವು, ಕಾಗದದ ಮೇಲೆ ಉಗಿದ ಹಾಗೆ.

ಅದು ಬಿಳಿ ಹಾಸಿಗೆ ಬಟ್ಟೆಯ ಕಾರ್ಖಾನೆ. ಆಸ್ಪತ್ರೆಗಳಿಗೂ ದೊಡ್ಡ ಹೋಟೆಲುಗಳಿಗೂ ಹೋಗುವ ಮಾಲು. ತಪಾಸಣೆ ಕೋಣೆಯಲ್ಲಿ ಓರೆಯಾಗಿ ನಿಲ್ಲಿಸಿದ ಮೂರು ಗಾಜಿನ ಮೇಜುಗಳಿದ್ದವು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಪೆಡಲು ಒತ್ತಿದರೆ ಸುರುಳಿ ಬಿಚ್ಚಿಕೊಂಡು ಬಟ್ಟೆ ಬೆಳಕಿನ ಮೇಲೆ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೊದಲನೇ ಮೇಜಿನವಳು ತೂತು, ಹರಕು, ತಪ್ಪಿದ ಎಳೆ ನೋಡಬೇಕು. ಎರಡನೆಯವಳು ಕಲೆ ನೋಡಬೇಕು. ಮೂರನೆಯದು ಫೈನಲ್ ಮೇಜು. ಅಲ್ಲಿ ಹಿರಿಸೊಸೆ ಎಲ್ಲವನ್ನೂ ನೋಡಿ, ಒಪ್ಪಿಗೆಯಾದರೆ ಬಟ್ಟೆಯ ಅಂಚಿಗೆ ಒಂದು ದುಂಡನೆಯ ಸ್ಟ್ಯಾಂಪು ಒತ್ತುತ್ತಾಳೆ. ಅದರಲ್ಲಿರುವುದು ಒಂದೇ ಒಂದು ಇಂಗ್ಲಿಷ್ ಪದ. ಇಮ್ಯಾಕ್ಯುಲೇಟ್.

ಆ ಪದ ಕಾರ್ಖಾನೆಯಲ್ಲಿ ಯಾರ ನಾಲಿಗೆಗೂ ಹೊರಳಿರಲಿಲ್ಲ. ಈಗ ಇಲ್ಲದ ಹಳೇ ಮೇಸ್ತ್ರಿಯೊಬ್ಬರು ಅದನ್ನು 'ಇಮ್ಮ ಕಲೆ ಲೇಟು' ಎಂದು ಓದಿ, ಅರ್ಥವನ್ನೂ ತಾವೇ ಹಚ್ಚಿದ್ದರು. "ಕಲೆ ಇಲ್ಲ ಅಂತ ಯಾವ ಬಟ್ಟೆಗೂ ಎದೆ ತಟ್ಟಿ ಹೇಳೋಕಾಗಲ್ಲ ಕಣ್ರಮ್ಮ. ಇನ್ನೂ ಬಂದಿಲ್ಲ, ಲೇಟಾಗಿ ಬರುತ್ತೆ ಅಂತ ಹೇಳಬಹುದು. ಅದಕ್ಕೇ ಕಲೆ ಲೇಟು." ಅಂದಿನಿಂದ ಮೊದಲ ದರ್ಜೆಯ ಬಟ್ಟೆಗೆ ಆ ಹೆಸರೇ ನಿಂತಿತು. ಲಾರಿಗೆ ತುಂಬುವವರೂ 'ಇವತ್ತು ಕಲೆಲೇಟು ಎಷ್ಟು ಸುರುಳಿ?' ಎಂದೇ ಕೇಳುತ್ತಿದ್ದರು.

ಕಲೆ ಬಿಟ್ಟ ತಪ್ಪಿಗೆ ಕೆಂಪು ಚೀಟಿ. ತಿಂಗಳಿಗೆ ಮೂರು ಕೆಂಪು ಚೀಟಿಯಾದರೆ ಮೇಜಿನಿಂದ ಇಳಿಸಿ ಹಬೆ ಕೋಣೆಗೆ ಹಾಕುತ್ತಾರೆ. ಈ ತಿಂಗಳು ಕಿರಿಸೊಸೆಗೆ ಇದು ಮೂರನೆಯದು.

ಹಬೆ ಕೋಣೆ ಅಂಗಳದ ಆಚೆ ಇತ್ತು. ಅಲ್ಲಿ ಬಟ್ಟೆಯನ್ನು ದೊಡ್ಡ ತೊಟ್ಟಿಗಳಲ್ಲಿ ಕುದಿಸುತ್ತಿದ್ದರು. ಮುಚ್ಚಳ ಎತ್ತುವಾಗ ಬರುವ ಬುಸ್ ಎಂಬ ಸದ್ದು ತಪಾಸಣೆ ಕೋಣೆಯವರೆಗೂ ಕೇಳಿಸುತ್ತಿತ್ತು, ಕೇಳಿದಾಗಲೆಲ್ಲ ಕಿರಿಸೊಸೆಯ ಎಡಗೈ ತಾನಾಗಿ ಎಡಗೆನ್ನೆಗೆ ಹೋಗುತ್ತಿತ್ತು. ಆರು ವರ್ಷದವಳಿದ್ದಾಗ, ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದ ಅಮ್ಮನ ಹಂಡೆಯ ಮುಚ್ಚಳವನ್ನು ಇವಳು ಸರಿಸಿದ್ದಳು. ಹಬೆ ಮುಖಕ್ಕೆ ಹೊಡೆದಿತ್ತು. ಕಣ್ಣು ಉಳಿಯಿತು, ಕೆನ್ನೆಯ ಮೇಲೆ ಸುಕ್ಕುಗಟ್ಟಿದ ಒಂದು ಕಲೆ ಉಳಿಯಿತು. ಈ ಕೆಲಸ ಸೇರಿದ ದಿನವೇ ಅವಳು ಗಂಡನಿಗೆ ಹೇಳಿದ್ದಳು: ಕೆಲಸ ಬಿಟ್ಟು ಮನೆಯಲ್ಲಿ ಉಪವಾಸ ಕೂತೇನು, ಆ ಕೋಣೆಯೊಳಗೆ ಕಾಲಿಡಲಾರೆ.

ಆ ಕಲೆಯಿಂದಲೇ ಓರಗಿತ್ತಿಯರ ನಡುವಿನ ಜಗಳ ಶುರುವಾದದ್ದು. ಇಪ್ಪತ್ತು ವರ್ಷದ ಹಿಂದೆ ಮದುವೆ ಮಾತಿಗೆಂದು ಗಂಡಿನ ಕಡೆಯವರು ಬಂದಾಗ, ಎಲ್ಲರೂ ಎದ್ದು ಹೊರಡುವ ಹೊತ್ತಿಗೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹಿರಿಸೊಸೆ ತನ್ನ ಅತ್ತೆಗೆ ಹೇಳಿದ್ದಳು: "ಹುಡುಗಿ ಪರವಾಗಿಲ್ಲ. ಎಡಗೆನ್ನೆ ಮೇಲೆ ಒಂದು ಕಲೆ ಇದೆ, ಅರ್ಧ ಇಂಚು." ಪಿಸುಮಾತೇ. ಆದರೆ ಕೆಲವರ ಪಿಸುಮಾತಿಗೆ ಊರ ತುಂಬ ಕೇಳಿಸುವ ಗುಣ ಇರುತ್ತದೆ. ಅರ್ಧ ಇಂಚು! ಹೆಣ್ಣಿನ ಮುಖವನ್ನು ಥಾನು ಬಟ್ಟೆಯ ಹಾಗೆ ಅಳೆದಿದ್ದಳು. ಮದುವೆಯಾಯಿತು, ಮಕ್ಕಳಾದವು, ಕೆಳಮನೆ ಮೇಲ್ಮನೆ ಎಂದು ಬೇರೆಯಾಗಿದ್ದೂ ಆಯಿತು, ಆ ಅರ್ಧ ಇಂಚು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಣ್ಣತಮ್ಮಂದಿರು ಹಾಲು ಜೇನಿನ ಹಾಗಿದ್ದರು, ಸಂಜೆ ಒಟ್ಟಿಗೆ ಟೀ ಕುಡಿಯಲು ಹೋಗುತ್ತಿದ್ದರು. ಹೆಂಡಂದಿರು ಎಣ್ಣೆ ಸೀಗೆಕಾಯಿ. ಒಂದೇ ಮೆಟ್ಟಿಲಿನಲ್ಲಿ ಎದುರಾದರೆ ಒಬ್ಬಳು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು, ಇನ್ನೊಬ್ಬಳು ಸೆರಗು ತಾಗದ ಹಾಗೆ ದಾಟುತ್ತಿದ್ದಳು.

ಎರಡನೇ ಚೀಟಿ ಬಂದ ಸಂಜೆ ಗಂಡ ಸಮಾಧಾನ ಹೇಳಲು ನೋಡಿದ್ದ. "ಮೊಸರಲ್ಲಿ ಕಲ್ಲು ಹುಡುಕೋದು ಅತ್ತಿಗೆಗೆ ಹಳೇ ಚಟ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

"ಕಲ್ಲಿದ್ರೆ ಹುಡುಕಲಿ ಕಣ್ರೀ. ಇಲ್ಲದ ಕಲ್ಲು ತಾವೇ ಹಾಕಿ ಹುಡುಕ್ತಾರೆ!"

ಆಮೇಲಿನ ದಿನಗಳಲ್ಲಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಳು. ಒಂದೊಂದು ಗಜಕ್ಕೂ ಎರಡೆರಡು ಸಲ ಪೆಡಲು ನಿಲ್ಲಿಸಿದ್ದಳು. ಈ ಸುರುಳಿಯಲ್ಲಿ ಕಲೆ ಇಲ್ಲ ಎಂಬುದು ತನ್ನ ಹತ್ತು ಬೆರಳಿನಷ್ಟು ಖಚಿತವಾಗಿ ಅವಳಿಗೆ ಗೊತ್ತಿತ್ತು. ಆದ್ದರಿಂದ ಮೂರನೇ ಚೀಟಿಯನ್ನು ಅವಳು ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ನೇರ ಹೋಗಿ ಮ್ಯಾನೇಜರನ್ನು ಕರೆತಂದಳು.

ಮ್ಯಾನೇಜರು ಊಟದ ಡಬ್ಬಿ ಅರ್ಧಕ್ಕೆ ಬಿಟ್ಟು ಬಂದಿದ್ದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು ನೀಲಿ ಸುತ್ತಿನೊಳಗೆ ಇಣುಕಿದರು.

"ನನಗೇನೂ ಕಾಣ್ತಿಲ್ಲಮ್ಮ."

"ನಿಮಗೆ ಕಾಣೋ ಹಾಗಿದ್ದಿದ್ರೆ ನನಗ್ಯಾಕೆ ಸಂಬಳ ಕೊಡ್ತಿದ್ರಿ?" ಎಂದಳು ಹಿರಿಸೊಸೆ.

ಇಪ್ಪತ್ತೇಳು ವರ್ಷ ಆ ಮಾತು ನಡೆದಿತ್ತು. ಅವಳು ಸ್ಟ್ಯಾಂಪು ಒತ್ತಿದ ಒಂದು ಸುರುಳಿಯೂ ವಾಪಸು ಬಂದದ್ದಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಬೆನ್ನ ಹಿಂದೆ ಆಡಿಕೊಂಡವರೂ ಎದುರಿಗೆ ಆ ಮೂರು ಕಾಲನ್ನು ಎಣಿಸಿ ಒಪ್ಪಿಕೊಂಡಿದ್ದರು. ಮ್ಯಾನೇಜರು ಭೂತಗನ್ನಡಿ ಮಡಚಿದರು. ಇನ್ನೊಂದು ಕ್ಷಣ ಕಳೆದಿದ್ದರೆ ಡಬ್ಬಿಯ ಕಡೆ ಹೊರಟೇಬಿಡುತ್ತಿದ್ದರು.

"ಸಾರ್, ಒಂದು ನಿಮಿಷ," ಎಂದಳು ಕಿರಿಸೊಸೆ. "ಪೆಡಲು ನಾನು ಒತ್ತೀನಿ. ಕಲೆ ಎಲ್ಲೆಲ್ಲಿದೆ, ಅವರು ಸುತ್ತು ಹಾಕ್ತಾ ಹೋಗ್ಲಿ. ನಿಮ್ಮ ಕಣ್ಣೆದುರಿಗೇ ಆಗ್ಲಿ."

"ಆಗ್ಲಿ," ಎಂದಳು ಹಿರಿಸೊಸೆ, ಗಡಿಯಾರದ ಕಡೆ ನೋಡುತ್ತ.

ಕಿರಿಸೊಸೆ ಫೈನಲ್ ಮೇಜಿನ ಪೆಡಲಿನ ಮೇಲೆ ಕಾಲಿಟ್ಟಳು. ಬಟ್ಟೆ ಒಂದು ಮೊಳ ಸರಿದು ನಿಂತಿತು. ಹಿರಿಸೊಸೆ ಬಗ್ಗಿ ನೋಡಿ ಸುತ್ತು ಹಾಕಿದಳು. ಇನ್ನೊಂದು ಮೊಳ. ಇನ್ನೊಂದು ಸುತ್ತು. ಇನ್ನೊಂದು. ಕಿರಿಸೊಸೆ ನಿಲ್ಲಿಸಲಿಲ್ಲ. ಏಳು ಸುತ್ತುಗಳು ಬಿದ್ದವು, ಏಳೂ ಒಂದರ ಕೆಳಗೆ ಒಂದು, ನಡುಮಧ್ಯದಲ್ಲಿ, ಸರಿಯಾಗಿ ಹಿರಿಸೊಸೆಯ ನೋಟ ಬೀಳುವ ಜಾಗದಲ್ಲಿ. ಅಳತೆ ಹಿಡಿದು ಹಾಕಿದ ಅಂಗಿ ಗುಂಡಿಗಳ ಹಾಗೆ. ಮ್ಯಾನೇಜರು ಮತ್ತೆ ಭೂತಗನ್ನಡಿ ತೆಗೆದರು. ಕಿರಿಸೊಸೆ ಕಾಲೆತ್ತದೆ ಪೆಡಲು ಒತ್ತಿಹಿಡಿದಳು. ಸುರುಳಿಯ ಉಳಿದ ಬಟ್ಟೆಯೆಲ್ಲ ಸರಸರನೆ ಓಡಿ, ಅದರ ಕೊನೆಯೂ ಜಾರಿ, ಮೇಜಿನ ಮೇಲೆ ಬರೀ ಗಾಜು, ಗಾಜಿನ ಕೆಳಗೆ ಬರೀ ಬೆಳಕು ಉಳಿಯಿತು.

"ಈಗ?" ಎಂದಳು.

ಹಿರಿಸೊಸೆ ಗಾಜನ್ನು ನೋಡಿದಳು. ಸೀಮೆಸುಣ್ಣ ಹಿಡಿದ ಕೈ ಎದ್ದಿತು, ಗಾಜಿನವರೆಗೆ ಹೋಗಿ ಗಾಳಿಯಲ್ಲೇ ನಿಂತಿತು. 

"ಗಾಜು ಕೊಳೆಯಾಗಿದೆ," ಎಂದಳು ಕಡೆಗೆ. "ಒರೆಸ್ರಿ."

ಕಿರಿಸೊಸೆ ತನ್ನ ಏಪ್ರನ್ನಿನ ಅಂಚು ಹಿಡಿದು ಗಾಜನ್ನು ಒರೆಸಿದಳು. ನಿಧಾನವಾಗಿ, ಮೂಲೆ ಮೂಲೆ ಬಿಡದೆ, ಹಬ್ಬದ ಊಟ ಉಣ್ಣುವವರ ಹಾಗೆ ಒರೆಸಿದಳು. ಅವಳಿಗೆ ಖುಷಿಯಾಗಿತ್ತು. ನಾಚಿಕೆಪಡಬೇಕಾದ ಖುಷಿ, ಆದರೂ ಖುಷಿಯೇ.

"ಒರೆಸ್ದೆ. ಹೋಯ್ತಾ?"

ಹಿರಿಸೊಸೆ ಸ್ಟ್ಯಾಂಪನ್ನು ತಡಕಿ ತೆಗೆದು ಮ್ಯಾನೇಜರ ಮುಂದೆ ಇಟ್ಟಳು, ಸೀಮೆಸುಣ್ಣವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮ್ಯಾನೇಜರು ಕೆಂಪು ಚೀಟಿಯನ್ನು ಹರಿದು ಹಾಕಿದರು. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೆಸಿಕೊಂಡು ಬರಬೇಕು ಎಂದರು. ಜೊತೆಗೆ ಯಾರು ಎಂಬ ಪ್ರಶ್ನೆ ಬಂದಾಗ ಕಿರಿಸೊಸೆಯ ಕಡೆ ನೋಡಿ, "ನೀವೇ ಹೋಗ್ಬನ್ನಿ, ಮನೆಯೋರು ತಾನೇ," ಎಂದರು. ಆಮೇಲೆ, ಒಳ್ಳೆಯ ಮಾತೊಂದನ್ನು ಹೇಳಿಯೇ ಹೋಗೋಣ ಎಂದುಕೊಂಡರೋ ಏನೋ, ಬಾಗಿಲಲ್ಲಿ ಹಿರಿಸೊಸೆಯ ಕಡೆ ತಿರುಗಿದರು. "ಕೆಲಸ ಹೋಗುತ್ತೆ ಅಂತ ಹೆದರ್ಬೇಡಿ ಅಮ್ಮ. ಹಬೆ ಕೋಣೆಗೆ ಏನೂ ಕಣ್ಣು ಬೇಕಿಲ್ಲ."

*

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಆಸ್ಪತ್ರೆಯ ಮೆಟ್ಟಿಲ ಬಳಿ ಕಿರಿಸೊಸೆ ಕೈ ಚಾಚಿದಳು, ಹಿರಿಸೊಸೆ ಅದನ್ನು ಬಿಟ್ಟು ಕಂಬಿ ಹಿಡಿದಳು. ಕಣ್ಣಿಗೆ ಹನಿ ಹಾಕಿ ಒಂದು ಗಂಟೆ ಕೂರಿಸಿದರು. ಆ ಒಂದು ಗಂಟೆಯಲ್ಲಿ ಅವರ ನಡುವೆ ನಡೆದ ಮಾತು ಎರಡೇ. "ನೀರು ಬೇಕಾ?" "ಬೇಡ."

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ವಿವರಿಸಿ ಹೇಳುವುದರಲ್ಲಿ ಅವರಿಗೆ ಉತ್ಸಾಹ. ಯಂತ್ರಗಳಲ್ಲಿ ಇಣುಕಿ ನೋಡಿದ್ದಾದ ಮೇಲೆ ಒಂದು ಬಿಳಿ ಕಾರ್ಡು ತೆಗೆದು ಹಿರಿಸೊಸೆಯ ಮುಂದೆ ಹಿಡಿದರು. ಅದರಲ್ಲಿ ಅಡ್ಡ ಉದ್ದ ಗೆರೆಗಳ ಸಣ್ಣ ಸಣ್ಣ ಚೌಕಗಳು, ನಟ್ಟನಡುವೆ ಒಂದು ಕಪ್ಪು ಚುಕ್ಕೆ.

"ಒಂದು ಕಣ್ಣು ಮುಚ್ಕೊಳ್ಳಿ. ನಡುವಿನ ಚುಕ್ಕೆ ನೋಡ್ತಾ, ಏನು ಕಾಣುತ್ತೆ ಹೇಳಿ."

ಹಿರಿಸೊಸೆ ಕಾರ್ಡನ್ನು ಅವರ ಕೈಯಿಂದಲೇ ತೆಗೆದುಕೊಂಡಳು. ಬಟ್ಟೆ ಹಿಡಿಯುವ ಹಾಗೆ ಎರಡು ಬೆರಳಿನ ನಡುವೆ ಹಿಡಿದು ಬೆಳಕಿಗೆ ಓರೆ ಮಾಡಿದಳು. "ಇದನ್ನ ಯಾರು ನೇಯ್ದಿದ್ದು?"

"ಏನಂದ್ರಿ?"

"ಎಳೆಯೆಲ್ಲ ಸೊಟ್ಟ ಹೋಗಿದೆ. ಚುಕ್ಕೆ ಗಿಕ್ಕೆ ಏನೂ ಇಲ್ಲ, ನಡುವೆ ಇಷ್ಟಗಲ ಕಲೆ." ಜೇಬಿನಿಂದ ಸೀಮೆಸುಣ್ಣ ತೆಗೆದು, ಡಾಕ್ಟರು ಬೇಡ ಎನ್ನುವಷ್ಟರಲ್ಲಿ, ಕಾರ್ಡಿನ ಮೇಲೆ ಒಂದು ದುಂಡನೆಯ ನೀಲಿ ಸುತ್ತು ಹಾಕಿ ಹಿಂದಕ್ಕೆ ಕೊಟ್ಟಳು. "ರಿಜೆಕ್ಟು."

ಡಾಕ್ಟರಿಗೆ ನಗು ಬಂತು. ಕಿರಿಸೊಸೆಗೆ ಬರಲಿಲ್ಲ. ಆ ಸುತ್ತು ಎಷ್ಟು ಶುದ್ಧವಾಗಿ, ಕೈ ನಡುಗದೆ ಬಿದ್ದಿತ್ತು ಎಂಬುದನ್ನೇ ಅವಳು ನೋಡುತ್ತಿದ್ದಳು. ಎಳೆ ನೆಟ್ಟಗಿತ್ತು. ಚುಕ್ಕೆ ಇತ್ತು.

"ನೋಡಿ ಅಮ್ಮ," ಎಂದರು ಡಾಕ್ಟರು, ಕಣ್ಣಿನ ಚಿತ್ರವೊಂದನ್ನು ತೋರಿಸುತ್ತ. "ಕಣ್ಣಿನ ಹಿಂದೆ ಒಂದು ಪರದೆ ಇದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಒಂದು ಹಳದಿ ಮಚ್ಚೆ. ನಾವು ನೇರವಾಗಿ ಏನೇನು ನೋಡ್ತೀವಿ, ಅಕ್ಷರ, ಸೂಜಿ, ಎದುರಿಗಿರೋರ ಮುಖ, ಎಲ್ಲ ಆ ಮಚ್ಚೆಯಿಂದಲೇ. ನಿಮ್ಮ ಎರಡೂ ಕಣ್ಣಲ್ಲಿ ಅದು ಸವೆದುಹೋಗಿದೆ. ಇನ್ನು ಕೆಡದ ಹಾಗೆ ನೋಡ್ಕೋಬಹುದು. ಹೋಗಿರೋದು ಬರಲ್ಲ."

"ಅದರ ಹೆಸರೇನು?"

"ಮ್ಯಾಕ್ಯುಲಾ ಅಂತಾರೆ. ಲ್ಯಾಟಿನ್ ಅಂತ ಒಂದು ಹಳೇ ಭಾಷೆ, ಅದರಲ್ಲಿ ಕಲೆ ಅಂತ ಅರ್ಥ."

ಹಿರಿಸೊಸೆ, "ನಮ್ಮ ಸ್ಟ್ಯಾಂಪಲ್ಲಿರೋದೂ ಹಂಗೇ ಕೇಳುತ್ತಲ್ಲ. ಇಮ್ಯಾಕ್ಯು..." ಎಂದು ತಡವರಿಸಿದಳು. ಇಪ್ಪತ್ತೇಳು ವರ್ಷ ಒತ್ತಿದ ಪದವನ್ನು ಪೂರ್ತಿ ಹೇಳಲು ಅವಳಿಗೆ ಬರಲಿಲ್ಲ.

"ಇಮ್ಯಾಕ್ಯುಲೇಟ್! ಅದೇ ಪದ ಅಮ್ಮ, ಅದರಿಂದಲೇ ಬಂದಿದ್ದು. ಮುಂದಿರೋ ಇಮ್ ಅಂದ್ರೆ ಇಲ್ಲ ಅಂತ. ಮ್ಯಾಕ್ಯುಲಾ ಇಲ್ಲದ್ದು, ಕಲೆ ಇಲ್ಲದ್ದು." ಡಾಕ್ಟರಿಗೆ ಪದ ಬಿಡಿಸಿದ ಸಂತೋಷ. ಅದರ ಇನ್ನೊಂದು ತುದಿ ಎಲ್ಲಿಗೆ ತಾಗುತ್ತದೆ ಎಂದು ಹೊಳೆದು, ಬರೆಯುವ ನೆಪ ಮಾಡಿ ತಲೆ ತಗ್ಗಿಸಿದರು. "ನೇರ ನೋಡಿದ್ರೆ ಎದುರಿಗಿರೋರು ಕಾಣಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಮಸಕು ಮಸಕಾಗಿ ಕಾಣ್ತಾರೆ. ಅಲ್ವಾ? ಹಾಗೆ ಮುಖ ತಿರುಗಿಸಿ ನೋಡೋ ಅಭ್ಯಾಸ ಮಾಡ್ಕೋಬೇಕು."

"ಮಾಡ್ಕೊಂಡಿದೀನಿ," ಎಂದಳು ಹಿರಿಸೊಸೆ. "ಆರು ತಿಂಗಳಾಯ್ತು."

ಗೋಡೆಗೆ ಒರಗಿ ನಿಂತಿದ್ದ ಕಿರಿಸೊಸೆ ಕೈಯಲ್ಲಿದ್ದ ಆಸ್ಪತ್ರೆ ಚೀಟಿಯನ್ನು ಎರಡು ಮಡಿಕೆ ಮಾಡಿದಳು, ನಾಲ್ಕು ಮಡಿಕೆ ಮಾಡಿದಳು.

*

ಹೊರಗೆ ಉದ್ದನೆಯ ಓಣಿಯಲ್ಲಿ ಬೆಂಚಿತ್ತು. ಔಷಧಿಯ ಕಿಟಕಿಯಲ್ಲಿ ಕರೆಯುವವರೆಗೆ ಅಲ್ಲಿ ಕೂರಬೇಕಿತ್ತು. ಈ ಸಲ ಇಬ್ಬರಿಗೂ ಒಂದೇ ಬೆಂಚು. ಕಿರಿಸೊಸೆಗೆ ಎಲ್ಲೋ ಒಳಗೆ ಒಂದು ಗಂಟು ಸಡಿಲವಾಗಿತ್ತು, ಅದು ಅವಳಿಗೆ ಬೇಡವಾಗಿತ್ತು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಸಿಟ್ಟನ್ನು ಒಂದು ಕಾರ್ಡು ತೋರಿಸಿ ಕಸಿದುಕೊಳ್ಳುವುದು ಯಾವ ನ್ಯಾಯ? ಆರು ತಿಂಗಳ ಅವಮಾನ ಅವಮಾನವೇ ಅಲ್ಲವಾದರೆ ಆರು ತಿಂಗಳ ಅಳು ಯಾರ ಲೆಕ್ಕಕ್ಕೆ? ಆ ಕೋಪದಲ್ಲಿ ಅವಳ ಬಾಯಿಂದ ಮಾತು ಹೊರಟೇಹೋಯಿತು.

"ಇನ್ಮೇಲೆ ಸ್ಟ್ಯಾಂಪನ್ನ ನಿಮಗೇ ಒತ್ತಬಹುದು ಅಕ್ಕ. ಮ್ಯಾಕ್ಯುಲಾ ಇಲ್ಲದೋರು ಈಗ ನೀವೇ."

ಅತ್ತೆ ಹೋದ ಮೇಲೆ, ಒಂಬತ್ತು ವರ್ಷಕ್ಕೆ ಬಾಯಲ್ಲಿ ಬಂದ 'ಅಕ್ಕ' ಅದು. ಬಂದದ್ದು ಹೀಗೆ ಬಂತು. 

ಹಿರಿಸೊಸೆ ಬೆಚ್ಚಲಿಲ್ಲ. "ಮೇಸ್ತ್ರಿ ಹೇಳಿದ್ದೇ ಸರಿಯಿತ್ತು. ಲೇಟಾಗಿ ಬಂತು," ಎಂದಳು. ಆಮೇಲೆ ನೇರವಾಗಿ, ಆರು ತಿಂಗಳಲ್ಲಿ ಮೊದಲ ಸಲ ನೇರವಾಗಿ, ಓರಗಿತ್ತಿಯ ಕಡೆ ಮುಖ ತಿರುಗಿಸಿದಳು. "ನಿನಗೂ ಒತ್ತಬಹುದು ಬಿಡು. ನಿನ್ನ ಮುಖದಲ್ಲೂ ಈಗ ಕಲೆ ಇಲ್ಲ."

ಕಿರಿಸೊಸೆಯ ಎಡಗೈ ಕೆನ್ನೆಗೆ ಹೋಯಿತು.

"ಮುಖವೇ ಇಲ್ಲ," ಎಂದಳು ಹಿರಿಸೊಸೆ. "ಕೂದಲು ಕಾಣುತ್ತೆ. ಕಿವಿ ಕಾಣುತ್ತೆ. ನಡುವೆ ಮಸಿ."

ಓಣಿಯ ಕೊನೆಯಲ್ಲಿ ಯಾರನ್ನೋ ನಂಬರಿನಿಂದ ಕರೆದರು. ಯಾರೋ ಎದ್ದು ಹೋದರು.

"ಗೊತ್ತಿದ್ದೂ ನನ್ನ ಹೆಸರಿಗೆ ಚೀಟಿ ಬರೆದ್ರಿ?"

"ಗೊತ್ತಿರಲಿಲ್ಲ. ಅನುಮಾನ ಇತ್ತು. ಅನುಮಾನ ಬಂದ್ರೆ ಸುತ್ತು ಹಾಕು ಅಂತ ನಿನಗೆ ಕಲಿಸಿದ್ದು ಯಾರು? ನಾನೇ. ಅನುಮಾನ ಬಟ್ಟೆ ಮೇಲೋ ಕಣ್ಣಿನ ಮೇಲೋ ಅಂತ ಮೇಸ್ತ್ರಿ ನನಗೆ ಹೇಳ್ಕೊಟ್ಟಿರ್ಲಿಲ್ಲ." ಅವಳ ಧ್ವನಿ ಒರಟಾಗಿಯೇ ಇತ್ತು, ಆದರೆ ಕೈ ಜೇಬಿನೊಳಗೆ ಸೀಮೆಸುಣ್ಣವನ್ನು ಹೊರಳಿಸುತ್ತಿತ್ತು. "ನಿನಗೇನು ಈಗ? ಸ್ಟ್ಯಾಂಪು ನಿನ್ನ ಕೈಗೆ ಬರುತ್ತೆ. ನಾನು ನಾಳೆಯಿಂದ ಹಬೆ ಕೋಣೆಗೆ ಹೋಗ್ತೀನಿ. ತೊಟ್ಟಿ ಮುಚ್ಚಳ ಎತ್ತಕ್ಕೆ ಕಣ್ಣು ಯಾಕೆ? ಸಮಾಧಾನ ತಾನೇ?"

"ಹಬೆ ಕೋಣೆಗೆ ಹೋಗ್ತೀರಾ?"

"ಹೋಗ್ದೆ? ನಿನ್ನ ಭಾವನ ಸಂಬಳದಲ್ಲಿ ಎರಡು ಹೊಟ್ಟೆ, ನನ್ನ ಕಣ್ಣಿನ ಔಷಧಿ ಎಲ್ಲ ಆಗುತ್ತಾ?"

"ಎದುರಿಗಿರೋರ ಮುಖ ಕಾಣಲ್ಲ, ತೊಟ್ಟಿ ಬಾಯಿ ಹೇಗೆ ಕಾಣುತ್ತೆ? ಯಾವ ಕಡೆಯಿಂದ ಹಬೆ ನುಗ್ಗುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಕಿರಿಸೊಸೆಯ ಧ್ವನಿ ಏರಿತು. ಎದುರು ಬೆಂಚಿನ ಮುದುಕರೊಬ್ಬರು ತಲೆ ಎತ್ತಿದರು. "ಕೈ ಕೊಡಿ ಇಲ್ಲಿ."

"ಯಾಕೆ?"

"ಕೊಡಿ ಅಂದ್ನಲ್ಲ!"

ಕಿರಿಸೊಸೆ ಅವಳ ಕೈಯನ್ನು ತಾನೇ ಜೇಬಿನಿಂದ ಹೊರಗೆಳೆದಳು. ತೋರುಬೆರಳನ್ನು ಹಿಡಿದು ತನ್ನ ಎಡಗೆನ್ನೆಯ ಮೇಲೆ ಒತ್ತಿದಳು. "ಮುಟ್ಟಿ ನೋಡಿ. ಚೆನ್ನಾಗಿ ನೋಡಿ. ಹಂಡೆ ಮುಚ್ಚಳ ಸರಿಸಿದ್ದಷ್ಟೇ ನಾನು. ಎರಡು ಕಣ್ಣೂ ಚೆನ್ನಾಗಿ ಕಾಣ್ತಿತ್ತು. ಕಣ್ಣು ಕಾಣೋರಿಗೇ ಹೀಗೆ ಮಾಡುತ್ತೆ ಹಬೆ."

ಹಿರಿಸೊಸೆ ಬೆರಳನ್ನು ಹಿಂದಕ್ಕೆ ಎಳೆಯಲು ನೋಡಿದಳು. ಆಮೇಲೆ ಎಳೆಯಲಿಲ್ಲ. ಇಪ್ಪತ್ತೇಳು ವರ್ಷದ ಕಸುಬಿನ ಬೆರಳು ಅದು. ತಾಗಿದ ಜಾಗದಲ್ಲಿ ಸುಮ್ಮನೆ ನಿಲ್ಲಲು ಅದಕ್ಕೆ ಬಾರದು. ಅದು ಮೆಲ್ಲಗೆ ಚಲಿಸಿತು. ಸುಕ್ಕಿನ ಅಂಚು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿತು, ಅಂಚು ಹಿಡಿದು ಮೇಲಕ್ಕೆ ಹೋಯಿತು, ತಿರುಗಿತು, ಕಿವಿಯ ಕಡೆಗೆ ಇಳಿದು, ಹೊರಟಲ್ಲಿಗೆ ಬಂದು ಮುಟ್ಟಿತು. ಒಂದು ಸುತ್ತು. ಅಷ್ಟು ಹೊತ್ತೂ ಅವಳ ಮುಖ ಗೋಡೆಯ ಕಡೆಗೆ ವಾಲಿತ್ತು. ಕಿರಿಸೊಸೆಗೆ ಈಗ ಗೊತ್ತಿತ್ತು, ಅವಳು ನೋಡುತ್ತಿರುವುದು ಗೋಡೆಯನ್ನಲ್ಲ.

"ಅರ್ಧ ಇಂಚಲ್ಲ ಇದು," ಎಂದಳು ಹಿರಿಸೊಸೆ.

ಕಿರಿಸೊಸೆ ಕೆನ್ನೆಯನ್ನು ಆ ಬೆರಳಿಗೇ ಕೊಟ್ಟು ಕೂತಳು.

"ಮುಕ್ಕಾಲು ಇಂಚಿದೆ." ಬೆರಳು ಮತ್ತೊಮ್ಮೆ ಅಂಚು ಹಿಡಿದು ಹೋಯಿತು, ಖಾತ್ರಿ ಮಾಡಿಕೊಳ್ಳಲು. "ಮುಕ್ಕಾಲು ದಾಟುತ್ತೆ. ಆವತ್ತು ನಾನು ತಪ್ಪು ಹೇಳಿದ್ದೆ."

ಇಂಥ ಕ್ಷಮೆಯನ್ನು ಯಾರಾದರೂ ಎಲ್ಲಾದರೂ ಕೇಳಿರಬಹುದೇ? ಕಿರಿಸೊಸೆಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಬಂದದ್ದನ್ನು ನುಂಗಿಕೊಂಡಳು. "ತಪ್ಪು ಅನ್ನೋ ಮಾತು ಬಾಯಲ್ಲಿ ಬಂತಲ್ಲ, ಅಷ್ಟೇ ಸಾಕು," ಎಂದು ಬೆರಳನ್ನು ಬಿಟ್ಟಳು.

"ಅಳತೆ ತಪ್ಪು ಅಂದೆ. ಕಲೆ ಇರೋದು ನಿಜ."

"ಇದೆ. ಯಾರು ಇಲ್ಲ ಅಂದ್ರು?"

ಕಿಟಕಿಯಲ್ಲಿ ಅವರ ನಂಬರು ಕೂಗಿದರು. ಕಿರಿಸೊಸೆ ಹೋಗಿ ಔಷಧಿ ತಂದಳು. ಮೆಟ್ಟಿಲಲ್ಲಿ ಅವಳು ಕೈ ಚಾಚಲಿಲ್ಲ, ಹಿರಿಸೊಸೆ ಕಂಬಿಯನ್ನೇ ಹಿಡಿದು ಇಳಿದಳು. ಕೊನೆಯ ಮೆಟ್ಟಿಲಿನಲ್ಲಿ ಕಂಬಿ ಮುಗಿದುಹೋಗಿತ್ತು. ಅಲ್ಲಿ ಅವಳು ಎದುರಿಗೆ ಸಿಕ್ಕಿದ್ದನ್ನು ಹಿಡಿದುಕೊಂಡಳು. ಸಿಕ್ಕಿದ್ದು ಓರಗಿತ್ತಿಯ ಮೊಣಕೈ.

*

ಕೆಲಸ ಬಿಡುವ ಹೊತ್ತಾದ್ದರಿಂದ ಬಸ್ಸು ತುಂಬಿತ್ತು. ಇಬ್ಬರಿಗೂ ಸೇರಿ ಒಂದೇ ಸೀಟು ಸಿಕ್ಕಿತು. ಹಿರಿಸೊಸೆ ಕಿಟಕಿಯ ಕಡೆ ಕೂತು ಹೊರಗೆ ನೋಡುತ್ತಿದ್ದಳು, ಅಥವಾ ಹೊರಗೆ ನೋಡುತ್ತಿದ್ದಾಳೆ ಎಂದು ನಿನ್ನೆಯಾದರೆ ಕಿರಿಸೊಸೆ ಅಂದುಕೊಳ್ಳುತ್ತಿದ್ದಳು.

"ನಾಳೆ ಮ್ಯಾನೇಜರ್ ಹತ್ರ ನಾನು ಮಾತಾಡ್ತೀನಿ," ಎಂದಳು ಕಿರಿಸೊಸೆ.

"ನನ್ನ ಪರವಾಗಿ ನೀನೇನೂ ಮಾತಾಡ್ಬೇಡ."

"ನಿಮ್ಮ ಪರವಾಗಿ ಯಾರು ಮಾತಾಡಿದ್ರು? ಅಂಚು ಹೊಲಿಯೋ ಕಡೆ ಗಂಟು ಉಳಿದುಹೋಗುತ್ತೆ ಅಂತ ದಿನಾ ದೂರು. ಗಂಟು ಹುಡುಕಕ್ಕೆ ಬೆರಳು ಸಾಕು. ಅಲ್ಲಿ ಒಂದು ಮೇಜು ಹಾಕಿ ಅಂತೀನಿ. ಕಾರ್ಖಾನೆಗೆ ಒಳ್ಳೇದು ಅಂತ ಹೇಳ್ತಿರೋದು."

"ಅಲ್ಲಿಗೆ ಬರೋ ಬಟ್ಟೆ ನೀನು ಸ್ಟ್ಯಾಂಪು ಒತ್ತಿದ್ದೇ ಆಗಿರುತ್ತೆ."

"ಆಗಿರ್ಲಿ."

"ಗಂಟು ಸಿಕ್ಕಿದ್ರೆ ಚೀಟಿ ಬರೀತೀನಿ."

"ಬರೀರಿ. ನೆಟ್ಟಗೆ ಗೆರೆ ಮೇಲೆ ಬರೆಯೋಕೆ ಯಾರನ್ನಾದ್ರೂ ಇಟ್ಕೊಳ್ಳಿ."

ಬಸ್ಸು ಹಾಳು ರಸ್ತೆಯಲ್ಲಿ ಎತ್ತಿ ಹಾಕಿತು. ಇಬ್ಬರ ಭುಜಗಳು ತಾಗಿದವು, ಬೇರೆಯಾದವು, ಮತ್ತೆ ತಾಗಿದವು. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಬಹಳ ಹೊತ್ತಿನಿಂದ ಕಿರಿಸೊಸೆಯ ಮುಖವನ್ನೇ ನೋಡುತ್ತಿದ್ದಳು. ಹೇಳಲೋ ಬೇಡವೋ ಎಂದು ಅನುಮಾನಿಸಿ, ಕಡೆಗೆ ಬಗ್ಗಿ ಪಿಸುಗುಟ್ಟಿದಳು.

"ತಪ್ಪು ತಿಳ್ಕೋಬೇಡಿ ಅಮ್ಮ. ನಿಮ್ಮ ಕೆನ್ನೆ ಮೇಲೆ ಏನೋ ನೀಲಿ ಬಣ್ಣ ಹತ್ತಿದೆ. ದುಂಡಗೆ."

ಕಿರಿಸೊಸೆಯ ಎಡಗೈ ಅಭ್ಯಾಸದಂತೆ ಕೆನ್ನೆಯವರೆಗೆ ಎದ್ದಿತು. ಮುಟ್ಟದೆ, ಮತ್ತೆ ಮಡಿಲಿನ ಔಷಧಿ ಚೀಲದ ಮೇಲೆ ಬಂದು ಕೂತಿತು.

"ಗೊತ್ತು," ಎಂದಳು.